ಓವನ್ನಿನ ಶಾಖ ಸರಿಯಿದೆಯೇ? ನಾವೇ ಪರೀಕ್ಷಿಸಿ ನೋಡೋಣ



ಗೋವಿಂದರಾಜನಗರ, ಮೂಡಲಪಾಳ್ಯ, ಕಾಮಾಕ್ಷಿಪಾಳ್ಯದ ಕಡೆಯ ಸಂಘಗಳಲ್ಲಿ ಬೇಕರಿ ಕೆಲಸ ಹಿಡಿದಿರುವವರು ಸಭೆಯಲ್ಲಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಅಕ್ಕ, ಅದೇ ಮೈದಾ, ಅದೇ ಅಳತೆ, ಅದೇ ಟೈಮು. ಹೋದ ವಾರ ಚೆನ್ನಾಗಿ ಬಂತು, ಈ ವಾರ ಮೇಲೆ ಕಪ್ಪು, ಒಳಗೆ ಹಸಿ." ಆಮೇಲೆ ಮಾತು ಎಲ್ಲಿಗೆ ಹೋಗುತ್ತದೆ ಎಂದು ನಿಮಗೇ ಗೊತ್ತು. ಆ ದಿನ ಓವನ್ ಮುಂದೆ ನಿಂತಿದ್ದವರು ಯಾರು, ಫೋನಿನಲ್ಲಿ ಮಾತಾಡುತ್ತಿದ್ದರಾ, ಟೈಮು ನೋಡಲಿಲ್ಲವಾ? ಓವನ್ನನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದು 180 ಅಂತ ತೋರಿಸುತ್ತಿದೆ, ಹಾಗಾದರೆ ಒಳಗೆ 180 ಇದೆ ಎಂದೇ ಎಲ್ಲರ ನಂಬಿಕೆ.

ಒಂದು ಲೆಕ್ಕ ಹಾಕೋಣ. ಹನ್ನೆರಡು ಜನರ ಸಂಘವೊಂದು ಬ್ಯಾಂಕ್ ಸಾಲದಲ್ಲಿ ಎರಡು ಡೆಕ್ಕಿನ ಓವನ್ ತಂದಿದೆ ಎಂದು ಇಟ್ಟುಕೊಳ್ಳಿ. ಡಿಸೆಂಬರ್ ಮೂರನೆಯ ವಾರ ಅರ್ಧ ಕೆ.ಜಿ.ಯ 40 ಪ್ಲಮ್ ಕೇಕಿಗೆ ಆರ್ಡರ್ ಬಂದಿದೆ. ಒಣದ್ರಾಕ್ಷಿ, ಗೋಡಂಬಿ, ಬೆಣ್ಣೆ, ಮೊಟ್ಟೆ ಎಲ್ಲಾ ಸೇರಿ ಒಂದು ಕೇಕಿಗೆ ಸಾಮಾನಿನ ಖರ್ಚೇ 150 ರೂಪಾಯಿ. 40 ಕೇಕು ತಳ ಹಿಡಿದರೆ 6,000 ರೂಪಾಯಿ ಒಂದು ಮಧ್ಯಾಹ್ನದಲ್ಲಿ ಹೋಯಿತು. ಕರೆಂಟು, ಕೂಲಿ, ಮಾತು ಕೊಟ್ಟ ಮನೆಯವರ ಮುಂದೆ ಹೋದ ಮರ್ಯಾದೆ ಬೇರೆ. ಆ ತಿಂಗಳ ಕಂತು ಉಳಿತಾಯದ ದುಡ್ಡಿನಿಂದ ಕಟ್ಟಬೇಕು. ಅದಕ್ಕಿಂತ ಕೆಟ್ಟದ್ದು, ಓವನ್ ಮುಂದೆ ನಿಂತಿದ್ದ ಸದಸ್ಯೆ ಮುಂದಿನ ವಾರ ಸಭೆಗೆ ಬರುವುದಿಲ್ಲ. ಆದ್ದರಿಂದ ಈ ಸಲದ ಪಾಠ ಓವನ್ನಿನ ಶಾಖ ಅಳೆಯುವುದು, ಸರಿ ಮಾಡಿಕೊಳ್ಳುವುದು ಮತ್ತು ಓವನ್ನನ್ನು ಜೋಪಾನ ಮಾಡುವುದು. ಕ್ರಿಸ್ಮಸ್ಸಿಗೆ ಮಾತ್ರವಲ್ಲ, ರಂಜಾನಿನ ನಾನ್‌ಖಟಾಯಿಗೂ, ದೀಪಾವಳಿಯ ಬೆಣ್ಣೆ ಬಿಸ್ಕತ್ತಿಗೂ ಇದೇ ಪಾಠ.

ಭಟ್ಟಿಯವರು ಏನು ಮಾಡುತ್ತಿದ್ದರು?

ಬೆಂಗಳೂರು ಬೇಕರಿಗೆ ಹೆಸರಾದ ಊರು. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರು ಮಾಡಿದ ಬಿ.ಬಿ. ಬೇಕರಿಯೇ ಅಯ್ಯಂಗಾರ್ ಬೇಕರಿಗಳಲ್ಲಿ ಮೊದಲನೆಯದು ಎನ್ನುತ್ತಾರೆ. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ 1902ರದು. ಆ ಕಾಲದ ಸೌದೆ ಭಟ್ಟಿಗೆ ಮುಳ್ಳೂ ಇರಲಿಲ್ಲ, ಡಿಗ್ರಿಯೂ ಇರಲಿಲ್ಲ. ಭಟ್ಟಿಯವರು ಒಂದು ಚಿಟಿಕೆ ಹಿಟ್ಟನ್ನು ನೆಲಕ್ಕೆ ಎರಚಿ ಅದು ಎಷ್ಟು ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ ಎಂದು ನೋಡುತ್ತಿದ್ದರು. ಕೈ ಒಳಗೆ ಹಿಡಿದು ಎಣಿಸುವವರೂ ಇದ್ದರು. ಕಾವು ಜೋರಾಗಿರುವಾಗ ಬ್ರೆಡ್ಡು, ಬನ್ನು. ಸ್ವಲ್ಪ ಇಳಿದ ಮೇಲೆ ಕೇಕು, ಬಿಸ್ಕತ್ತು. ಕೊನೆಗೆ ಉಳಿದ ಕಾವಿನಲ್ಲಿ ರಸ್ಕು ಒಣಗಿಸುವುದು.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಅವರು ಭಟ್ಟಿಯನ್ನು ದಿನಾ ಪರೀಕ್ಷೆ ಮಾಡುತ್ತಿದ್ದರು, ಮಾಡದೆ ಟ್ರೇ ಒಳಗೆ ಇಡುತ್ತಿರಲಿಲ್ಲ. ನಮ್ಮ ಕೈಗೆ ನಂಬರ್ ತೋರಿಸುವ ಡಬ್ಬಿ ಬಂದಮೇಲೆ ಆ ಅಭ್ಯಾಸ ತಪ್ಪಿತು.

ನಂಬರ್ ಎಲ್ಲಿಂದ ಬರುತ್ತದೆ?

ಓವನ್ನಿನ ಶಾಖ ಹತೋಟಿಯಲ್ಲಿಡುವ ಸಾಧನ ಎರಡು ತರಹ. ತಿರುಗಿಸುವ ಗುಂಡಿ ಇರುವ ಓವನ್ನಿನಲ್ಲಿ ಥರ್ಮೋಸ್ಟಾಟ್ ಇರುತ್ತದೆ. ಗುಂಡಿಯ ಹಿಂದಿನಿಂದ ದಾರದಂಥ ತೆಳು ತಾಮ್ರದ ಕೊಳವೆ ಹೊರಟು ಓವನ್ ಒಳಗೆ ಪೆನ್ಸಿಲ್ ಗಾತ್ರದ ಬಲ್ಬಿನಲ್ಲಿ ಮುಗಿಯುತ್ತದೆ. ಒಳಗಿರುವ ದ್ರವ ಕಾದಂತೆ ಹಿಗ್ಗಿ ಸ್ವಿಚ್ಚನ್ನು ಒತ್ತುತ್ತದೆ, ಕರೆಂಟು ನಿಲ್ಲುತ್ತದೆ. ಆರಿದಾಗ ಕುಗ್ಗುತ್ತದೆ, ಕರೆಂಟು ಮತ್ತೆ ಬರುತ್ತದೆ. ಈ ಕೊಳವೆ ಎಲ್ಲಾದರೂ ಮಡಚಿಕೊಂಡರೆ ಇಲ್ಲವೇ ಒಡೆದರೆ ಥರ್ಮೋಸ್ಟಾಟನ್ನೇ ಬದಲಾಯಿಸಬೇಕು, ಬೆಸುಗೆ ಹಾಕಿಸಿ ಪ್ರಯೋಜನವಿಲ್ಲ.

ಅಂಕಿ ಕಾಣುವ ಡಿಜಿಟಲ್ ಓವನ್ನಿನಲ್ಲಿ ಥರ್ಮೋಕಪಲ್ ಎಂಬ ಕಡ್ಡಿ ಇರುತ್ತದೆ. ಬೇರೆ ಬೇರೆ ಲೋಹದ ಎರಡು ತಂತಿಗಳನ್ನು ತುದಿಯಲ್ಲಿ ಸೇರಿಸಿರುತ್ತಾರೆ. ತುದಿ ಕಾದರೆ ತೀರಾ ಸಣ್ಣ ಪ್ರಮಾಣದ ವಿದ್ಯುತ್ ಹುಟ್ಟುತ್ತದೆ. ಸಾಮಾನ್ಯವಾಗಿ ಬಳಸುವ 'ಕೆ' ಜಾತಿಯದರಲ್ಲಿ ಒಂದು ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್, ಅಂದರೆ ಒಂದು ವೋಲ್ಟನ್ನು 25,000 ಭಾಗ ಮಾಡಿದರೆ ಅದರಲ್ಲಿ ಒಂದು ಪಾಲು. ಇಷ್ಟು ಸಣ್ಣ ಲೆಕ್ಕದ ಮೇಲೆ ನಿಂತಿರುವ ಸಾಧನಕ್ಕೆ ಸಡಿಲ ಸ್ಕ್ರೂ, ಕಿಲುಬು, ತಪ್ಪು ಜಾತಿಯ ತಂತಿ ಎಲ್ಲವೂ ತೊಂದರೆಯೇ.

ಎರಡರಲ್ಲೂ ಗಮನಿಸಬೇಕಾದ ವಿಷಯ ಒಂದೇ. ಓವನ್ನಿಗೆ ಗೊತ್ತಿರುವುದು ಆ ಬಲ್ಬು ಅಥವಾ ಕಡ್ಡಿ ಇರುವ ಜಾಗದ ಶಾಖ ಮಾತ್ರ. ನಿಮ್ಮ ಟ್ರೇ ಇರುವ ಜಾಗದ ಶಾಖ ಅದಕ್ಕೆ ಗೊತ್ತಿಲ್ಲ. ಒರೆಸುವಾಗ ಬಟ್ಟೆ ಸಿಕ್ಕಿ ಕಡ್ಡಿ ಒಂದು ಇಂಚು ಹೊರಗೆ ಜಾರಿದರೆ ಅದಕ್ಕೆ ತಣ್ಣಗೆ ಕಾಣುತ್ತದೆ. ಕಾಯಿಲ್ ಉರಿಯುತ್ತಲೇ ಇರುತ್ತದೆ, ಒಳಗೆ ಕೇಕು ಸುಡುತ್ತದೆ, ಮೇಲೆ ಅಂಕಿ ಮಾತ್ರ 180. ಆದ್ದರಿಂದ ಮುಂದಿನ ಪರೀಕ್ಷೆಗೆ ಮೊದಲು ಓವನ್ ತಣ್ಣಗಿರುವಾಗ ಬಾಗಿಲು ತೆಗೆದು ಕಡ್ಡಿ ತನ್ನ ಜಾಗದಲ್ಲಿ ಕ್ಲಿಪ್ಪಿನಲ್ಲಿ ಗಟ್ಟಿಯಾಗಿ ನಿಂತಿದೆಯೇ, ಅದರ ಮೇಲೆ ಸಕ್ಕರೆ, ಎಣ್ಣೆ ಕರಿ ಕಟ್ಟಿದೆಯೇ ನೋಡಿ. ಎಷ್ಟೋ ಕಡೆ ಕಾಯಿಲೆ ಇಲ್ಲೇ ಇರುತ್ತದೆ.

ಮೊದಲು ಥರ್ಮಾಮೀಟರನ್ನೇ ಪರೀಕ್ಷಿಸಿ

ಓವನ್ನನ್ನು ಅಳೆಯಲು ಬೇರೆ ಒಂದು ಥರ್ಮಾಮೀಟರ್ ಬೇಕು. ಜ್ವರ ನೋಡುವುದು ಇದಕ್ಕೆ ಆಗುವುದಿಲ್ಲ, ಅದು 42 ಡಿಗ್ರಿಯ ಸುತ್ತಮುತ್ತಲೇ ಮುಗಿಯುತ್ತದೆ. ಶಾಲೆಯ ಪ್ರಯೋಗಾಲಯದ ಪಾದರಸದ ಗಾಜಿನ ಕೊಳವೆಯನ್ನಂತೂ ಓವನ್ ಹತ್ತಿರ ತರಲೇಬೇಡಿ. ಒಡೆದರೆ ಪಾದರಸದ ಆವಿ ವಿಷ, ಆ ಓವನ್ನಿನಲ್ಲಿ ಮತ್ತೆ ತಿನ್ನುವ ಪದಾರ್ಥ ಮಾಡುವ ಹಾಗಿಲ್ಲ. ಬೇಕಾದದ್ದು ಉದ್ದ ತಂತಿ ಮತ್ತು ಲೋಹದ ಕಡ್ಡಿ ಇರುವ, 300 ಡಿಗ್ರಿಯವರೆಗೆ ತೋರಿಸುವ ಡಿಜಿಟಲ್ ಥರ್ಮಾಮೀಟರ್. ತಂತಿ ಬಾಗಿಲ ಸಂದಿಯಿಂದ ಹೊರಗೆ ಬರುತ್ತದೆ, ಬಾಗಿಲು ಮುಚ್ಚಿಕೊಂಡೇ ಓದಬಹುದು. ಎರಡು ಮೂರು ಸಂಘ ಸೇರಿ ಒಂದನ್ನು ಕೊಂಡರೂ ಸಾಕು. ಪಿಸ್ತೂಲಿನಂತೆ ಗುರಿ ಹಿಡಿಯುವ ಲೇಸರ್ ಥರ್ಮಾಮೀಟರ್ ನೋಡಲು ಚೆಂದ. ಆದರೆ ಅದು ಗಾಳಿಯ ಶಾಖವನ್ನು ಅಳೆಯುವುದಿಲ್ಲ, ಎದುರಿಗೆ ಕಂಡ ಮೇಲ್ಮೈಯನ್ನು ಅಳೆಯುತ್ತದೆ. ಹೊಳೆಯುವ ಅಲ್ಯೂಮಿನಿಯಂ ಟ್ರೇಗೆ ಹಿಡಿದರೆ ಬಹಳ ಕಡಿಮೆ ತೋರಿಸಿ ಮೋಸ ಮಾಡುತ್ತದೆ.

ಹೊಸದಾಗಿ ತಂದ ಥರ್ಮಾಮೀಟರ್ ಸರಿಯಾಗಿದೆ ಎಂದು ಯಾರು ಹೇಳಿದರು? ಇಲ್ಲೂ ಪರೀಕ್ಷೆ ಇದೆ. ಒಂದು ಲೋಟದ ತುಂಬ ಐಸನ್ನು ಪುಡಿ ಮಾಡಿ ಹಾಕಿ, ಸಂದಿ ತುಂಬುವಷ್ಟು ಮಾತ್ರ ತಣ್ಣೀರು ಸುರಿದು ಚೆನ್ನಾಗಿ ಕಲಕಿ. ಎರಡು ನಿಮಿಷ ಬಿಟ್ಟು ಕಡ್ಡಿಯ ತುದಿ ಲೋಟದ ತಳಕ್ಕೆ, ಗೋಡೆಗೆ ತಾಗದಂತೆ ನಡುವೆ ಹಿಡಿಯಿರಿ. 0 ತೋರಿಸಬೇಕು. ಒಂದು ಡಿಗ್ರಿ ಆಚೀಚೆ ಪರವಾಗಿಲ್ಲ.

ಇನ್ನೊಂದು ಕುದಿಯುವ ನೀರಿನ ಪರೀಕ್ಷೆ. ಇಲ್ಲಿ ಸ್ವಲ್ಪ ನಿಲ್ಲೋಣ. ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ಸಮುದ್ರ ಮಟ್ಟದ ಮಾತು, ಮಂಗಳೂರಿಗೆ ಸರಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ಹಾಗಾಗಿ ಗೋವಿಂದರಾಜನಗರದ ನಿಮ್ಮ ಅಡುಗೆಮನೆಯಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ನಿಮ್ಮ ಥರ್ಮಾಮೀಟರ್ 97 ತೋರಿಸಿದರೆ ಅದು ಸರಿಯಾಗಿದೆ. "ಮೂರು ಡಿಗ್ರಿ ಕಮ್ಮಿ ತೋರಿಸ್ತಿದೆ" ಅಂತ ತಿದ್ದಲು ಹೋದರೆ ಸರಿ ಇರುವುದನ್ನು ಕೆಡಿಸಿದಂತೆ. 100 ತೋರಿಸಿದರೇ ಅನುಮಾನ ಪಡಬೇಕು. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ.

ಒಳಗೇ ಇಡುವ ಮುಳ್ಳಿನ ಥರ್ಮಾಮೀಟರುಗಳು ಅಗ್ಗ, ಆದರೆ 50 ಡಿಗ್ರಿಯಿಂದ ಮೇಲೆ ಮಾತ್ರ ತೋರಿಸುವುದರಿಂದ ಐಸ್ ಪರೀಕ್ಷೆ ಅದಕ್ಕೆ ಹೊಂದುವುದಿಲ್ಲ. ಅದನ್ನು ಪರೀಕ್ಷಿಸಿದ ಡಿಜಿಟಲ್ ಕಡ್ಡಿಯ ಪಕ್ಕದಲ್ಲಿಟ್ಟು ಹೋಲಿಸಿ, ಎಷ್ಟು ವ್ಯತ್ಯಾಸ ಎಂದು ಅದರ ಬೆನ್ನ ಮೇಲೇ ಬರೆದಿಟ್ಟುಕೊಳ್ಳಿ.

ಥರ್ಮಾಮೀಟರ್ ಇಲ್ಲದವರಿಗೆ ಒಂದು ಉಪಾಯ: ಸಕ್ಕರೆ ಸುಮಾರು 186 ಡಿಗ್ರಿಗೆ ಕರಗುತ್ತದೆ. ಫಾಯಿಲ್ ಬಟ್ಟಲಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಚೆನ್ನಾಗಿ ಕಾದ ಓವನ್ನಿನಲ್ಲಿ 175 ಇಟ್ಟು 15 ನಿಮಿಷ ನೋಡಿ. ಕರಗಬಾರದು. ಕರಗಿದರೆ ಓವನ್ ಹೆಚ್ಚು ಬಿಸಿ. ನಂತರ 190 ಇಟ್ಟು ಹೊಸ ಸಕ್ಕರೆಯೊಂದಿಗೆ ಇನ್ನೊಂದು 15 ನಿಮಿಷ. ಈಗ ಕರಗಬೇಕು. ಕರಗದಿದ್ದರೆ ಓವನ್ ತಣ್ಣಗಿದೆ. ಎಷ್ಟು ವ್ಯತ್ಯಾಸ ಎಂದು ಇದರಿಂದ ತಿಳಿಯುವುದಿಲ್ಲ, ವ್ಯತ್ಯಾಸ ಇದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ.

ಅಳೆಯುವ ವಿಧಾನ

ಖಾಲಿ ಓವನ್ನಿನಲ್ಲಿ, ಟ್ರೇ ಇಡುವ ಎತ್ತರದಲ್ಲಿ ನಟ್ಟನಡುವೆ ಥರ್ಮಾಮೀಟರ್ ಕಡ್ಡಿ ಬರುವಂತೆ ಜಾಲರಿಗೆ ಕಟ್ಟಿ. ಲೋಹಕ್ಕೆ ತುದಿ ತಾಗಬಾರದು. 180ಕ್ಕೆ ಇಟ್ಟು ಬಾಗಿಲು ಹಾಕಿ. ದೀಪ ಮೊದಲ ಸಲ ಆರಿದ ಕೂಡಲೇ ಓದಲು ಶುರು ಮಾಡಬೇಡಿ. ಆಗ ಗಾಳಿ ಕಾದಿರುತ್ತದೆ, ಗೋಡೆ, ನೆಲ ಕಾದಿರುವುದಿಲ್ಲ. ಇನ್ನೂ ಅರ್ಧ ಗಂಟೆ ಬಿಡಿ, ಕಲ್ಲಿನ ನೆಲದ ಓವನ್ನಾದರೆ ಮುಕ್ಕಾಲು ಗಂಟೆ. ಆಮೇಲೆ ಬಾಗಿಲು ತೆಗೆಯದೆ, ಪ್ರತಿ ಸುತ್ತಿನಲ್ಲಿ ಶಾಖ ಏರಿ ನಿಂತ ಅತಿ ಹೆಚ್ಚಿನ ಅಂಕಿಯನ್ನೂ ಇಳಿದು ನಿಂತ ಅತಿ ಕಡಿಮೆ ಅಂಕಿಯನ್ನೂ ಬರೆದುಕೊಳ್ಳಿ. ಹೀಗೆ ಮೂರು ಸುತ್ತು.

ಉದಾಹರಣೆಗೆ ನಿಮಗೆ 204, 190, 203, 189, 204, 190 ಎಂದು ಸಿಕ್ಕಿತು ಅನ್ನಿ. ಕೂಡಿದರೆ 1,180. ಆರರಿಂದ ಭಾಗಿಸಿದರೆ ಸುಮಾರು 197. ಓವನ್ 180 ಎಂದರೆ ನಿಜವಾಗಿ 197, ಅಂದರೆ 17 ಡಿಗ್ರಿ ಹೆಚ್ಚು. ಒಂದೇ ಸಲ ಓದಿ ತೀರ್ಮಾನಿಸಿದ್ದರೆ 204 ನೋಡಿ ಒಬ್ಬರು, 190 ನೋಡಿ ಇನ್ನೊಬ್ಬರು ಜಗಳ ಆಡಬಹುದಿತ್ತು. ಶಾಖ ಹೀಗೆ ಏರಿಳಿಯುವುದು ಓವನ್ನಿನ ಸ್ವಭಾವ, ಅದು ದೋಷವಲ್ಲ.

ಇದೇ ಪರೀಕ್ಷೆಯನ್ನು 150ಕ್ಕೆ ಮತ್ತು 220ಕ್ಕೆ ಇಟ್ಟು ಮಾಡಿ. ವ್ಯತ್ಯಾಸ ಎಲ್ಲ ಕಡೆ ಒಂದೇ ಇರಬೇಕೆಂದಿಲ್ಲ. 150ರಲ್ಲಿ 164, 180ರಲ್ಲಿ 197, 220ರಲ್ಲಿ 241 ಬಂತು ಎಂದುಕೊಳ್ಳೋಣ. ಕೆಳಗೆ 14, ನಡುವೆ 17, ಮೇಲೆ 21. ಮೂರೂ ಅಂಕಿ ತಾರೀಖಿನ ಸಮೇತ ಪುಸ್ತಕಕ್ಕೆ ಬರಲಿ. ಎರಡು ಡೆಕ್ಕಿದ್ದರೆ ಎರಡಕ್ಕೂ ಬೇರೆ ಬೇರೆ ಮಾಡಬೇಕು. ಅಕ್ಕತಂಗಿಯರಂತೆ ಒಂದೇ ಮನೆಯವು, ಸ್ವಭಾವ ಬೇರೆ.

ಸರಿ ಮಾಡುವುದು

ಅತಿ ಸುಲಭದ, ಖರ್ಚಿಲ್ಲದ ದಾರಿ ಎಂದರೆ ಒಂದು ಪಟ್ಟಿ ಬರೆದು ಓವನ್ ಪಕ್ಕದ ಗೋಡೆಗೆ ಅಂಟಿಸುವುದು. ಮೇಲಿನ ಉದಾಹರಣೆಯ ಓವನ್ನಿಗೆ: ಪ್ಲಮ್ ಕೇಕಿಗೆ 160 ಬೇಕಾದರೆ 146ಕ್ಕೆ ಇಡಿ, ಸ್ಪಾಂಜ್ ಕೇಕಿಗೆ 180 ಬೇಕಾದರೆ 165ಕ್ಕೆ ಇಡಿ, ಬನ್ನಿಗೆ 220 ಬೇಕಾದರೆ 201ಕ್ಕೆ ಇಡಿ. ಹೊಸದಾಗಿ ಬಂದ ಸದಸ್ಯೆಗೂ ಓದಲು ಬರುವಂತೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಯಂತ್ರ ಬಿಚ್ಚುವ ಧೈರ್ಯ ಇಲ್ಲದವರಿಗೆ ನಾವು ಹೇಳುವುದು ಇದನ್ನೇ, ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. (ಫೋನಿನಲ್ಲಿ ಸಿಗುವ ರೆಸಿಪಿಗಳಲ್ಲಿ 350 ಡಿಗ್ರಿ ಎಂದಿದ್ದರೆ ಗಾಬರಿಯಾಗಬೇಡಿ. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 177.)

ಡಿಜಿಟಲ್ ಕಂಟ್ರೋಲರಿನಲ್ಲಿ ವ್ಯತ್ಯಾಸವನ್ನು ಒಳಗೇ ತುಂಬುವ ಅವಕಾಶ ಸಾಮಾನ್ಯವಾಗಿ ಇರುತ್ತದೆ, ಅದನ್ನು ಆಫ್‌ಸೆಟ್ ಎನ್ನುತ್ತಾರೆ. ಯಾವ ಗುಂಡಿ ಎಷ್ಟು ಹೊತ್ತು ಒತ್ತಬೇಕು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಜೊತೆಗೆ ಬಂದ ಪುಸ್ತಕದಲ್ಲಿ ನೋಡಿ. ಎಡವುವುದು ಒಂದು ಕಡೆ. ಓವನ್ 17 ಡಿಗ್ರಿ ಹೆಚ್ಚು ಬಿಸಿ ಇದೆ ಎಂದು ಅನೇಕರು ಕಳೆಯುವ 17 ತುಂಬುತ್ತಾರೆ. ಆಗ ಅದು ಇನ್ನೂ 17 ಡಿಗ್ರಿ ಮೇಲಕ್ಕೆ ಹೋಗುತ್ತದೆ! ಯೋಚಿಸಿ ನೋಡಿ: ಒಳಗೆ 197 ಇರುವಾಗ ಕಂಟ್ರೋಲರ್ 180 ಎಂದು ತಿಳಿದಿದೆ, ಅದು ಕಡಿಮೆ ಓದುತ್ತಿದೆ. ಅದರ ಓದಿಗೆ 17 ಕೂಡಿಸಿದರೆ ತಾನೇ ನಿಜ ಗೊತ್ತಾಗುವುದು? ಆದ್ದರಿಂದ ಕೂಡುವ 17. ತುಂಬಿದ ಮೇಲೆ 180ರಲ್ಲಿ ಮತ್ತೊಮ್ಮೆ ಮೂರು ಸುತ್ತು ಅಳೆಯದೆ ಕೇಕ್ ಇಡಬೇಡಿ. ಒಂದೇ ಆಫ್‌ಸೆಟ್ಟಿನಿಂದ ಮೂರೂ ಅಂಕಿ ಸರಿಹೋಗುವುದಿಲ್ಲ, ನೀವು ಹೆಚ್ಚು ಬಳಸುವ ಶಾಖಕ್ಕೆ ಸರಿ ಮಾಡಿಕೊಳ್ಳಿ. ಉಳಿದ ಎರಡು ಕಡೆ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಉಳಿದರೆ ಬನ್ನಿಗೂ ಪ್ಲಮ್ ಕೇಕಿಗೂ ನಷ್ಟವಿಲ್ಲ.

ಇದೇ ಓವನ್ ಹೋದ ತಿಂಗಳು 17 ತಪ್ಪಿತ್ತು, ಈ ತಿಂಗಳು 35 ತಪ್ಪಿದೆ ಎಂದಾದರೆ ಆಫ್‌ಸೆಟ್ ತುಂಬುತ್ತಾ ಹೋಗುವುದು ತಪ್ಪು. ಕಡ್ಡಿ ಸಾಯುತ್ತಿದೆ ಅಥವಾ ಜಾರಿದೆ, ಬದಲಾಯಿಸಬೇಕು. ಎಸ್.ಪಿ. ರೋಡಿನಲ್ಲಿ ಕಾಯಿಲ್, ಥರ್ಮೋಸ್ಟಾಟ್, ಥರ್ಮೋಕಪಲ್ ಎಲ್ಲಾ ಸಿಗುತ್ತವೆ. ಹೋಗುವಾಗ ಹಳೆಯದನ್ನು ಬಿಚ್ಚಿಸಿ ಕೈಯಲ್ಲಿ ತೆಗೆದುಕೊಂಡು ಹೋಗಿ, ಕಂಟ್ರೋಲರಿನ ಮೇಲೆ 'ಕೆ' ಎಂದಿದೆಯೋ 'ಜೆ' ಎಂದಿದೆಯೋ ಬರೆದುಕೊಂಡು ಹೋಗಿ. ಎರಡೂ ನೋಡಲು ಒಂದೇ, ಅದಲು ಬದಲಾದರೆ ಅಂಕಿಯೆಲ್ಲ ಸುಳ್ಳು. ಹೊಸ ಕಡ್ಡಿ ಹಾಕಿದ ಮೇಲೆ ಓವನ್ ಕಾದಷ್ಟೂ ಅಂಕಿ ಇಳಿಯುತ್ತಿದ್ದರೆ ಎರಡು ತಂತಿ ಅದಲು ಬದಲಾಗಿದೆ ಎಂದು ತಿಳಿಯಿರಿ, ತಕ್ಷಣ ಆರಿಸಿ. ದೊಡ್ಡ ಕಂಪನಿಗೆ ಮಾಲು ಕೊಡುವ ಸಂಘಗಳಿಗೆ ಕ್ಯಾಲಿಬ್ರೇಷನ್ ಪ್ರಮಾಣಪತ್ರ ಕೇಳಬಹುದು. ಅದಕ್ಕೆ ಎನ್.ಎ.ಬಿ.ಎಲ್. ಮಾನ್ಯತೆ ಇರುವ ಪ್ರಯೋಗಾಲಯವೇ ಆಗಬೇಕು, ಪೀಣ್ಯದ ಕಡೆ ವಿಚಾರಿಸಿ. ಥರ್ಮಾಮೀಟರ್ ಒಂದಕ್ಕೆ ಪತ್ರ ಮಾಡಿಸಿಕೊಂಡರೆ ಅದರಿಂದ ಓವನ್ನನ್ನು ನೀವೇ ಅಳೆಯುತ್ತಿರಬಹುದು.

ಬ್ರೆಡ್ಡಿನ ನಕ್ಷೆ

ನಡುವಿನ ಶಾಖ ಸರಿಯಾದ ಮೇಲೂ ಒಂದು ಮೂಲೆಯ ಬಿಸ್ಕತ್ತು ಕಪ್ಪಾಗುತ್ತಿದೆಯೇ? ಸಾದಾ ಸ್ಲೈಸ್ ಬ್ರೆಡ್ಡನ್ನು ಟ್ರೇ ತುಂಬ ಸಾಲಾಗಿ ಜೋಡಿಸಿ 180ರಲ್ಲಿ ಕೆಲವು ನಿಮಿಷ ಇಡಿ, ಬಣ್ಣ ಬರುತ್ತಿದ್ದಂತೆ ತೆಗೆಯಿರಿ. ಯಾವ ಮೂಲೆ ಬಿಸಿ, ಯಾವುದು ತಣ್ಣಗೆ ಎಂದು ಬ್ರೆಡ್ಡೇ ಬರೆದು ತೋರಿಸುತ್ತದೆ. ಫೋನಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಬಾಗಿಲ ಕಡೆಯ ಸಾಲು ಬೆಳ್ಳಗಿದ್ದರೆ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಒಂದು ಪಟ್ಟಿಯಂತೆ ಬೆಳ್ಳಗಿದ್ದರೆ ಅಲ್ಲಿಯ ಕಾಯಿಲ್ ಸತ್ತಿದೆ. ಮೇಲುಭಾಗ ಕೆಂಪಾಗಿ ತಳ ಬೆಳ್ಳಗಿದ್ದರೆ ಮೇಲಿನ ಮತ್ತು ಕೆಳಗಿನ ಕಾಯಿಲ್ಲಿನ ಹಂಚಿಕೆ ನೋಡಬೇಕು. ಸಣ್ಣಪುಟ್ಟ ವ್ಯತ್ಯಾಸ ಎಲ್ಲ ಓವನ್ನಿನಲ್ಲೂ ಇರುತ್ತದೆ, ಅದಕ್ಕೆ ಅರ್ಧ ಸಮಯ ಕಳೆದ ಮೇಲೆ ಟ್ರೇ ತಿರುಗಿಸುವುದೇ ಮದ್ದು. ಪರೀಕ್ಷೆಯ ಬ್ರೆಡ್ಡು ರಸ್ಕಿನ ಪುಡಿಗೆ ಆಗುತ್ತದೆ, ಎಸೆಯುವ ಅಗತ್ಯವಿಲ್ಲ.

ಜೋಪಾನ

ಒರೆಸುವುದು ಓವನ್ ಪೂರ್ತಿ ಆರಿದ ಮೇಲೆ, ಮೈನ್ ಸ್ವಿಚ್ ಆರಿಸಿದ ಮೇಲೆ. ಒಳಗೆ ನೀರು ಎರಚಬಾರದು. ಕಾಯಿಲ್ಲಿನ ತುದಿಯಲ್ಲಿ ನೀರು ಇಳಿದರೆ ಶಾಕ್ ಹೊಡೆಯುತ್ತದೆ, ಕಾದ ಗಾಜಿಗೆ ಬಿದ್ದರೆ ಗಾಜು ಸೀಳುತ್ತದೆ, ಕಲ್ಲಿನ ನೆಲ ನೀರು ಕುಡಿದು ಮುಂದಿನ ಸಲ ಕಾದಾಗ ಬಿರುಕು ಬಿಡುತ್ತದೆ. ಕಲ್ಲನ್ನು ಕೆರೆಯುವ ಬ್ರಷ್ಷಿನಿಂದ ಒಣದಾಗಿ ಉಜ್ಜಿದರೆ ಸಾಕು. ಸ್ಟೀಲಿನ ಗೋಡೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹಿಂಡಿದ ಬಟ್ಟೆಯಿಂದ ಒರೆಸಿ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ನಮ್ಮ ಕೈಯನ್ನೂ ತಿನ್ನುತ್ತದೆ.

ಬಾಗಿಲಿಗೆ ಕಾಗದದ ಪರೀಕ್ಷೆ ಇದೆ. ತಣ್ಣಗಿರುವಾಗ ಬಾಗಿಲ ಸಂದಿಯಲ್ಲಿ ನ್ಯೂಸ್ ಪೇಪರಿನ ಪಟ್ಟಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸರ್ರನೆ ಬಂದರೆ ಅಲ್ಲಿಂದ ಶಾಖ ಸೋರುತ್ತಿದೆ, ಹಿಂಜು ಬಿಗಿ ಮಾಡಿಸಿ ಅಥವಾ ಗ್ಯಾಸ್ಕೆಟ್ ಬದಲಿಸಿ. ಬಿಸಿ ಟ್ರೇಗಳನ್ನು ತೆರೆದ ಬಾಗಿಲ ಮೇಲೆ ಇಡುವ ಅಭ್ಯಾಸ ಬಿಡಿ, ಹಿಂಜು ಜಗ್ಗುವುದು ಅದರಿಂದಲೇ. ಸೆಕೆಂಡ್ ಹ್ಯಾಂಡ್ ಓವನ್ ತಂದವರಿಗೆ ಒಂದು ಎಚ್ಚರಿಕೆ: ಬಹಳ ಹಳೆಯ ಓವನ್ನಿನ ಬಾಗಿಲ ಬಿಳಿ ಹಗ್ಗ ಕಲ್ನಾರಿನದ್ದಾಗಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುವಂಥದ್ದು. ಕೆರೆಯಬೇಡಿ, ಕೀಳಬೇಡಿ, ತಿಳಿದವರಿಂದ ತೆಗೆಸಿ.

ಸಂಜೆ ಹೊತ್ತು ಓವನ್ ಬೇಗ ಕಾಯುವುದಿಲ್ಲ ಎನ್ನುವವರು ವೋಲ್ಟೇಜ್ ನೋಡಿ. 230 ವೋಲ್ಟಿಗೆ ಮಾಡಿದ ಕಾಯಿಲ್ಲಿಗೆ 200 ವೋಲ್ಟ್ ಬಂದರೆ ಸಿಗುವ ಶಾಖ ಕಾಲು ಭಾಗದಷ್ಟು ಕಡಿಮೆ. ಓವನ್ ಕೆಟ್ಟಿಲ್ಲ, ಹೆಚ್ಚು ಹೊತ್ತು ಕಾಯಿಸಬೇಕು ಅಷ್ಟೇ. 6 ಕಿಲೋವಾಟ್ ಓವನ್ ಅರ್ಧ ಗಂಟೆ ಸತತವಾಗಿ ಉರಿದರೆ 3 ಯೂನಿಟ್. ಹಾಗಾಗಿ ಬನ್ನು, ಕೇಕು, ರಸ್ಕು ಎಂದು ಭಟ್ಟಿಯವರ ಕ್ರಮದಲ್ಲೇ ಒಂದೇ ದಿನ ಸಾಲಾಗಿ ಮಾಡಿದರೆ ಕಾಯಿಸುವ ಕರೆಂಟು ಒಂದೇ ಸಲ.

ಪ್ರಾಣದ ವಿಷಯ

ಅದೇ 6 ಕಿಲೋವಾಟ್ ಓವನ್ ಸಿಂಗಲ್ ಫೇಸಿನಲ್ಲಿ ಸುಮಾರು 26 ಆಂಪಿಯರ್ ಎಳೆಯುತ್ತದೆ. ಗೀಸರಿನ 16 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸುವ ವಸ್ತು ಇದಲ್ಲ. ಬೇರೆಯೇ ವೈರು, ಎಂ.ಸಿ.ಬಿ., ಶಾಕ್ ಹೊಡೆದರೆ ಕರೆಂಟು ಕಡಿದುಹಾಕುವ ಆರ್.ಸಿ.ಸಿ.ಬಿ., ಸರಿಯಾದ ಅರ್ಥಿಂಗ್ ಇರಲೇಬೇಕು. ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನಿಂದ ಹಾಕಿಸಿ, ಮಂಜೂರಾದ ಲೋಡು ಸಾಕೇ ಎಂದು ಬೆಸ್ಕಾಂ ಕಚೇರಿಯಲ್ಲಿ ಕೇಳಿ. ಆರ್.ಸಿ.ಸಿ.ಬಿ.ಯ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಠಪ್ ಎಂದು ಬೀಳಬೇಕು. ಪದೇ ಪದೇ ಬೀಳುತ್ತಿದೆ ಎಂದು ಅದನ್ನು ತೆಗೆಸಿ ನೇರ ಜೋಡಿಸಿಕೊಡುವ ಮೆಕ್ಯಾನಿಕ್ಕನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಅದು ಬೀಳುತ್ತಿರುವುದೇ ಯಾರದೋ ಜೀವ ಉಳಿಸಲು.

ದೀಪ ಆರಿದೆ, ಆದರೂ ಶಾಖ ಏರುತ್ತಲೇ ಇದೆ ಎಂದರೆ ಕಾಂಟ್ಯಾಕ್ಟರ್ ಅಂಟಿಕೊಂಡಿದೆ. ಗುಂಡಿ ತಿರುಗಿಸಿದರೆ ನಿಲ್ಲುವುದಿಲ್ಲ. ಮೈನ್ ಆರಿಸಿ, ಬಾಗಿಲು ಮುಚ್ಚೇ ಇರಲಿ. ರಿಪೇರಿಯಾಗುವವರೆಗೆ ಮತ್ತೆ ಹಾಕಬೇಡಿ. ಆರ್ಡರ್ ಎಷ್ಟೇ ದೊಡ್ಡದಿರಲಿ.

ಗ್ಯಾಸ್ ಓವನ್ನಿನವರು ಜ್ವಾಲೆ ನೋಡಿ. ನೀಲಿ ಇದ್ದರೆ ಸರಿ, ಹಳದಿಯಾಗಿ ಮಸಿ ಕಟ್ಟಿದರೆ ಬರ್ನರಿನ ತೂತು ಕಟ್ಟಿದೆ ಅಥವಾ ಗಾಳಿ ಸಾಲುತ್ತಿಲ್ಲ. ಹಳದಿ ಜ್ವಾಲೆ ಮುಚ್ಚಿದ ಕೋಣೆಯಲ್ಲಿ ವಾಸನೆಯಿಲ್ಲದ ವಿಷದ ಗಾಳಿ ಬಿಡುತ್ತದೆ. ಸೋರಿಕೆಯನ್ನು ಸೋಪಿನ ನೊರೆಯಿಂದ ನೋಡಬೇಕು, ಬೆಂಕಿಕಡ್ಡಿಯಿಂದಲ್ಲ. ಎಲ್.ಪಿ.ಜಿ. ಗಾಳಿಗಿಂತ ಭಾರ, ನೆಲದಲ್ಲೇ ತಂಗುತ್ತದೆ, ಆದ್ದರಿಂದ ನೆಲಮಟ್ಟದಲ್ಲಿ ಗಾಳಿ ಆಡುವ ಕಿಂಡಿ ಬೇಕು. ಮನೆಯ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ವ್ಯಾಪಾರದ ಸಿಲಿಂಡರೇ ಆಗಬೇಕು.

ಓವನ್ ಪುಸ್ತಕ

ಠರಾವು ಪುಸ್ತಕ, ಉಳಿತಾಯದ ಪುಸ್ತಕ ಇದ್ದಂತೆ ಓವನ್ನಿಗೂ ಒಂದು ನೋಟ್ ಬುಕ್ ಇಡಿ. ತಾರೀಖು, ಇಟ್ಟ ಶಾಖ, ಅಳೆದ ಶಾಖ, ಏನು ಬೇಯಿಸಿದಿರಿ, ಹೇಗೆ ಬಂತು, ಯಾರು ನಿಂತಿದ್ದರು, ಏನು ರಿಪೇರಿ. ಒಂದು ಸಾಲು ಸಾಕು. ಮೂರು ಅಂಕಿಯ ಪರೀಕ್ಷೆ ಮೂರು ತಿಂಗಳಿಗೊಮ್ಮೆ, ರಿಪೇರಿಯಾದಾಗ, ಓವನ್ ಜಾಗ ಬದಲಿಸಿದಾಗ, ಮತ್ತೆ ನವೆಂಬರ್ ಕೊನೆಯಲ್ಲಿ ತಪ್ಪದೆ. ಡಿಸೆಂಬರ್ 20ರ ಹೊತ್ತಿಗೆ ಮೆಕ್ಯಾನಿಕ್ ಸಿಗುವುದಿಲ್ಲ. ಓವನ್ ಸರದಿ ಒಬ್ಬರ ಮೇಲೇ ಬೀಳದಂತೆ ಹಂಚಿಕೊಳ್ಳಿ, ಪುಸ್ತಕ ಬರೆಯುವುದು ಆ ದಿನ ನಿಂತವರ ಕೆಲಸ. ಕೇಕು ಕೆಟ್ಟ ದಿನ ಯಾರು ನಿಂತಿದ್ದರು ಎಂಬ ಕಾಲಮ್ಮಿಗಿಂತ ಮೊದಲು ಅಳೆದ ಶಾಖದ ಕಾಲಮ್ಮನ್ನು ಓದಿ. ಹೆಚ್ಚಿನ ತರಬೇತಿ ಬೇಕೆನ್ನುವವರು ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಕೇಂದ್ರದಲ್ಲಿ ವಿಚಾರಿಸಬಹುದು.

ಮುಂದಿನ ಸಭೆಯಲ್ಲಿ ಚರ್ಚೆಗೆ

ನಮ್ಮ ಓವನ್ನಿನ ಶಾಖವನ್ನು ಕೊನೆಯ ಸಲ ಅಳೆದದ್ದು ಯಾವಾಗ, ಯಾರು? ಹೋದ ವರ್ಷ ಕೆಟ್ಟುಹೋದ ಮಾಲಿನ ಲೆಕ್ಕ ಎಲ್ಲಾದರೂ ಬರೆದಿದೆಯೇ? ಥರ್ಮಾಮೀಟರನ್ನು ಒಂದೇ ಸಂಘ ಕೊಳ್ಳುವುದೋ, ಪಕ್ಕದ ಸಂಘದವರ ಜೊತೆ ಸೇರಿ ಕೊಳ್ಳುವುದೋ? ರಿಪೇರಿಗೆಂದು ತಿಂಗಳಿಗೆ ಎಷ್ಟು ಎತ್ತಿಡಬಹುದು? ಠರಾವು ಬರೆದು ಸಹಿ ಮಾಡಿ.

ಸಭೆಗೆ ಬರುವಾಗ ಎರಡು ಪೌಂಡ್ ಸ್ಲೈಸ್ ಬ್ರೆಡ್ಡು, ಒಂದು ಪ್ಯಾಕೆಟ್ ಐಸು, ಹೊಸ ನೋಟ್ ಬುಕ್ ತನ್ನಿ. ಓವನ್ ಇರುವ ಮನೆಯಲ್ಲೇ ಸಭೆ ಇಟ್ಟುಕೊಂಡರೆ ಒಳ್ಳೆಯದು. ಮಾತಾಡುವಷ್ಟರಲ್ಲಿ ಅದು ಕಾದಿರುತ್ತದೆ.